ಮೂರನೆಯ ಬ್ರೇಕಿಗೆ ಹೋಗುವ ತುಕ್ಕು

ಮೂಕಾಂಬಕ್ಕ ಮೀನುಕಟ್ಟೆ ತೊಳೆಯುತ್ತಿದ್ದಾರೆ. ಸಂತೆ ಮುಗಿದಿದೆ. ಒಂದು ಕೈಯಲ್ಲಿ ಕಡ್ಡಿಪೊರಕೆ, ಇನ್ನೊಂದರಲ್ಲಿ ಬಕೆಟ್ಟು. ಕಲ್ಲಿಗೆ ಅಂಟಿದ ಮೀನಿನ ಹುರುಪೆಯನ್ನು ಕೆರೆದು ಕೆರೆದು ಚರಂಡಿಯ ಕಡೆಗೆ ತಳ್ಳುತ್ತಾರೆ. ಎರಚಿದ ನೀರಿನಲ್ಲಿ ಅರ್ಧ ನನ್ನ ಮೇಲೆ ಬಿತ್ತು. ಬೀಳಲಿ. ನಾಳೆ ಬೆಳಗಾಗುವಾಗ ನನ್ನ ಮೈಯೆಲ್ಲ ಕೆಂಪಾಗಿರುತ್ತದೆ. ಅದು ನನಗೆ ಹೊಸದಲ್ಲ.

ನಾನು ಕೂತಿರುವುದು ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ. ಗಾಳಿಗೆ ಮುಚ್ಚಳ ಹಾರಬಾರದು, ಬೆಕ್ಕು ಮೂತಿ ತೂರಿಸಬಾರದು, ಅದಕ್ಕೆ ಭಾರ. ಇವತ್ತು ಮೀನು ಕೊಳ್ಳಲು ಬಂದ ಒಬ್ಬರು ನನ್ನನ್ನು ನೋಡಿ ಮೂಗು ಮುರಿದರು.

"ಏನಮ್ಮಾ, ಮೀನಿನ ಪೆಟ್ಟಿಗೆ ಮೇಲೆ ಈ ತುಕ್ಕು ಹಿಡಿದ ಕಬ್ಬಿಣ ಯಾಕೆ? ಗುಜರಿಗೆ ಹಾಕಬಾರ್ದಾ?"

ಗುಲಾಬಿ ಮೀನು ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಬೇಕಾರೆ ಮೀನಿಗೆ ರೇಟ್ ಕಮ್ಮಿ ಕೇಣಿ. ಅದ್ರ ಸುದ್ದಿಗೆ ಬರ್ಬೇಡಿ" ಎಂದಳು.

ನನಗೆ ಅಷ್ಟು ಸಾಕು. ಈ ಮೀನುಕಟ್ಟೆಗೆ ನಾನು ಹೇಗೆ ಬಂದೆ, ಗುಲಾಬಿ ನನ್ನನ್ನು ಯಾಕೆ ಗುಜರಿಗೆ ಕೊಡಲಿಲ್ಲ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಒಂದು ಬ್ರೇಕ್ ಡಿಸ್ಕ್. ದೋಸೆ ಕಾವಲಿಯಷ್ಟು ಅಗಲ, ಎರಡು ಬೆರಳು ದಪ್ಪ, ನಡುವೆ ಒಂದು ದೊಡ್ಡ ತೂತು. ಪಿಕಪ್ ಗಾಡಿಯ ಮುಂದಿನ ಎಡ ಚಕ್ರದ ಒಳಗೆ ಕೂತು ಚಕ್ರದ ಜೊತೆಗೇ ತಿರುಗುತ್ತಿದ್ದೆ. ಡ್ರೈವರು ಬ್ರೇಕ್ ಒತ್ತಿದರೆ ನನ್ನ ಎರಡೂ ಕೆನ್ನೆಗಳನ್ನು ಎರಡು ಪ್ಯಾಡುಗಳು ಗಟ್ಟಿಯಾಗಿ ಹಿಡಿಯುತ್ತವೆ. ನಾನು ನಿಂತರೆ ಚಕ್ರ ನಿಲ್ಲುತ್ತದೆ, ಚಕ್ರ ನಿಂತರೆ ಗಾಡಿ ನಿಲ್ಲುತ್ತದೆ. ಓಡಿಸುವುದಕ್ಕೆ ಎಂಜಿನ್ನು, ಗೇರು, ಡೀಸೆಲ್ಲು ಎಂದು ನೂರೆಂಟು ಬೇಕು. ನಿಲ್ಲಿಸುವುದಕ್ಕೆ ನಾವು ಕೆಲವರೇ ಸಾಕು. ಹೆಮ್ಮೆ ಎಂದು ಬೇಕಾದರೆ ಅಂದುಕೊಳ್ಳಿ. ಇದ್ದದ್ದನ್ನು ಹೇಳುತ್ತಿದ್ದೇನೆ.

ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಕೆಂಡದಂಥ ಕಬ್ಬಿಣದ ರಸವನ್ನು ಮರಳಿನ ಅಚ್ಚಿಗೆ ಹೊಯ್ದರು. ತಣಿದ ಮೇಲೆ ಅಚ್ಚು ಒಡೆದರು, ಲೇತ್ ಯಂತ್ರಕ್ಕೆ ಕಟ್ಟಿ ಕನ್ನಡಿಯಂತೆ ನಯ ಮಾಡಿದರು. ಹುಟ್ಟುವಾಗಲೇ ಅಷ್ಟು ಬೆಂಕಿ ಕಂಡವರಿಗೆ ಆಮೇಲಿನ ಬಿಸಿ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ.

ಡಬ್ಬಿಗೆ ಹಾಕುವ ಮೊದಲು ಒಬ್ಬ ಮುದುಕ ನಮಗೆಲ್ಲ ತೆಳ್ಳಗೆ ಎಣ್ಣೆ ಸವರುತ್ತಿದ್ದ. ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದ. "ಈಗ ಹಚ್ಚಿಸ್ಕೋ ಮಗನ. ಗಾಲಿ ಸೇರಿದ ಮ್ಯಾಗ ಒಂದ್ ಹನಿನೂ ಸಿಗಾಂಗಿಲ್ಲ. ಕುಂತಾವ್ರಿಗೆ ಎಣ್ಣಿ, ಓಡಾವ್ರಿಗಲ್ಲ."

ಆಗ ನನಗೆ ಅದರ ಅರ್ಥವಾಗಲಿಲ್ಲ. ಗಾಡಿಗೆ ಜೋಡಿಸುವ ದಿನ ಆ ಎಣ್ಣೆಯನ್ನು ಪೆಟ್ರೋಲು ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆದರು. ಬರೀ ಮೈಯಲ್ಲಿ ಚಕ್ರದೊಳಗೆ ಹೋದೆ.

ಚಕ್ರದ ಒಳಗಿನಿಂದ ಮನುಷ್ಯರ ಮುಖ ಕಾಣುವುದು ಅಪರೂಪ. ಪಾದ ಕಾಣುತ್ತದೆ. ಬ್ರೇಕಿನ ಕೊಳವೆಯ ಎಣ್ಣೆಯ ಮೂಲಕ ಆ ಪಾದದ ಭಾರ ನನ್ನ ತನಕ ಬರುತ್ತದೆ. ಯಾರು ಎಂಥವರು ಎಂದು ನಾನು ತಿಳಿದದ್ದು ಹಾಗೆ. ಗಾಡಿಯ ಮೊದಲ ಯಜಮಾನ ಕುಂದಾಪುರದ ವಾಸು ದೇವಾಡಿಗ. ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಹಂಡೆ ಸಾಗಿಸುತ್ತಿದ್ದ. ಹಸಿದವರು ಕಾಯುತ್ತಾರೆ ಎಂಬ ಗಡಿಬಿಡಿ ಅವನ ಪಾದದಲ್ಲಿ ಯಾವಾಗಲೂ ಇರುತ್ತಿತ್ತು. ಟಪ್ ಎಂದು ಒತ್ತುವುದು, ಟಪ್ ಎಂದು ಬಿಡುವುದು. ಆಮೇಲೆ ಗಾಡಿ ಕೊಂಡವನು ಕೆಂಪುಕಲ್ಲು ಹೊರಿಸುವ ಬಾಬು ಶೆಟ್ಟಿ. ಅವನು ಬ್ರೇಕ್ ಒತ್ತುತ್ತಿರಲಿಲ್ಲ, ತುಳಿಯುತ್ತಿದ್ದ. ಕಲ್ಲಿನ ಭಾರಕ್ಕೆ ನನ್ನ ಮೈಯಲ್ಲಿ ಗೀರು ಬಿದ್ದವು. ಆದರೂ ಅವನ ಗಾಡಿ ಒಂದು ದಿನವೂ ಇನ್ನೊಂದು ಗಾಡಿಯ ಬೆನ್ನಿಗೆ ಹೋಗಿ ಗುದ್ದಲಿಲ್ಲ. ಅದನ್ನು ಅವನು ತನ್ನ ಜಾಣತನ ಎಂದು ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳಲಿ ಬಿಡಿ.

ಮೂರನೆಯ ಯಜಮಾನತಿ ಈ ಗುಲಾಬಿ.

ಗಂಗೊಳ್ಳಿಯ ಹೆಂಗಸು. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದವಳು. ಜೊತೆಗಾತಿ ಮೂಕಾಂಬಕ್ಕ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಕುತ್ತಿಗೆ ಬುಟ್ಟಿಯ ಭಾರಕ್ಕೆ ಸೋತಾಗ, ಇಬ್ಬರೂ ಸೇರಿ ಈ ಹಳೆ ಗಾಡಿ ಕೊಂಡರು. ಓಡಿಸುವವರು ಯಾರು ಎಂಬ ಪ್ರಶ್ನೆ ಬಂತು. ಗುಲಾಬಿಯ ಗಂಡ ಶೀನ ಬೋಟಿನಲ್ಲಿ ಕಡಲಿಗೆ ಹೋಗುವವನು. ಅವನಿಗೆ ದೋಣಿಯ ಚುಕ್ಕಾಣಿ ಗೊತ್ತು, ಗಾಡಿಯದು ಗೊತ್ತಿಲ್ಲ. "ನಾನೇ ಕಲ್ತ್ಕಂತೆ" ಎಂದು ಗುಲಾಬಿ ಹೊರಟಳು. ಕಲಿತಳು ಕೂಡ.

ಅವಳು ಮೊದಲ ಸಲ ಬ್ರೇಕ್ ಒತ್ತಿದಾಗ ನನಗೆ ಆಶ್ಚರ್ಯವಾಯಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದೇ ಹದ. ಎಲ್ಲಿಂದ ಬಂತು ಈ ಪಾದ ಎಂದು ಯೋಚಿಸಿದೆ. ಒಂದು ದಿನ ಗಾಡಿಯ ಪಕ್ಕದಲ್ಲೇ ಕೂತು ಅವಳು ಮೀನು ಕತ್ತರಿಸುವುದನ್ನು ನೋಡಿದಾಗ ತಿಳಿಯಿತು. ಮೆಟ್ಟುಗತ್ತಿಯ ಮಣೆಯನ್ನು ಪಾದದಿಂದ ಒತ್ತಿ ಹಿಡಿದು ಕೂತಿದ್ದಳು. ಪಾದ ಜಾರಿದರೆ ಬೆರಳು ಹೋಗುತ್ತದೆ. ಏಳು ವರ್ಷದವಳಿದ್ದಾಗಿನಿಂದ ಹಾಗೆ ಒತ್ತಿ ಒತ್ತಿ ಪಳಗಿದ ಪಾದ ಅದು. ಇಂಥ ಪಾದದ ಕೆಳಗೆ ಕೆಲಸ ಮಾಡುವುದು ನನ್ನ ಭಾಗ್ಯ ಎಂದುಕೊಂಡೆ.

ಈಗ ತುಕ್ಕಿನ ಮಾತಿಗೆ ಬರಬೇಕು. ಗಂಗೊಳ್ಳಿಯ ಗಾಳಿ ಉಪ್ಪಿನ ಗಾಳಿ. ಗಾಡಿಯಿಂದ ಸೋರುವ ಐಸಿನ ನೀರೂ ಉಪ್ಪು. ರಾತ್ರಿ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ನನ್ನ ಕೆನ್ನೆಗಳ ಮೇಲೆ ತೆಳುವಾದ ಕೆಂಪು ಪುಡಿ. ಅರಿಸಿನಕ್ಕೆ ಸುಣ್ಣ ತಾಗಿದಂಥ ಬಣ್ಣ. ಗಾಡಿ ಹೊರಟು ಮೊದಲ ಬ್ರೇಕ್ ಬಿದ್ದಾಗ ಕರಕರ ಎನ್ನುತ್ತದೆ, ಎರಡನೆಯದಕ್ಕೆ ಸಣ್ಣಗಾಗುತ್ತದೆ, ಮೂರನೆಯದಕ್ಕೆ ನಾನು ಮತ್ತೆ ಬೆಳ್ಳಗೆ. ನಿದ್ದೆಯಿಂದ ಎದ್ದವರು ಕಣ್ಣಿನ ಪಿಸರು ತೊಳೆದ ಹಾಗೆ. ತುಕ್ಕಿಗೆ ನಾನು ಹೆದರುವುದಿಲ್ಲ. ಕೆಲಸ ಇರುವವರ ಮೈಮೇಲೆ ಅದು ಒಂದು ರಾತ್ರಿಗಿಂತ ಹೆಚ್ಚು ನಿಲ್ಲುವುದಿಲ್ಲ.

ಆದರೆ ಜೂನ್ ಬಂತು. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದೆ ಗಾಡಿಗೂ ಕೆಲಸವಿಲ್ಲ. ಗುಲಾಬಿಯ ಮನೆಯ ಪಕ್ಕದ ಚಪ್ಪರದಲ್ಲಿ ನಿಂತೆವು. ಅದೇ ಹೊತ್ತಿಗೆ ಅವಳಿಗೆ ಒಂದು ಕಾಗದ ಬಂತು. ಘಟ್ಟದ ಮೇಲಿನ ಬಿಳಿಗಲ್ಲೂರಿನ ಪಂಚಾಯತಿಯವರು ಹೊಸ ಮೀನುಕಟ್ಟೆ ಕಟ್ಟಿಸಿದ್ದರು. ಕರಾವಳಿಯ ಹಸಿ ಮೀನು ತರುವವರಿಗೆ ಒಂದು ಕಟ್ಟೆ ಕೊಡುತ್ತೇವೆ, ಪ್ರತಿವಾರ ಸಂತೆಗೆ ತಪ್ಪದೆ ಬರುತ್ತೇನೆ ಎಂದು ಸ್ವಂತ ಕೈಯಿಂದ ಬರೆದು ಸಹಿ ಮಾಡಿ ಕಳಿಸಬೇಕು ಎಂದಿತ್ತು.

ಮೂಕಾಂಬಕ್ಕನಿಗೆ ಕುಣಿಯುವಷ್ಟು ಸಂತೋಷ. ನೆರಳಿನಲ್ಲಿ, ಸ್ವಂತ ಕಟ್ಟೆಯ ಮೇಲೆ ಕೂತು ಮೀನು ಮಾರುವುದು ಎಂದರೆ ಅವರಿಗೆ ಒಂದು ಕನಸು. ಐವತ್ತು ವರ್ಷ ಬಿಸಿಲಿನಲ್ಲಿ ಬುಟ್ಟಿ ಹೊತ್ತವರು ಅವರು. ಗುಲಾಬಿ ಅವತ್ತೇ ಕೂತು ಒಪ್ಪಿಗೆ ಬರೆದಳು. ಲಕೋಟೆಗೆ ಹಾಕಿ ಅಂಟಿಸಿದಳು. ಆಮೇಲೆ ಡ್ರೈವರ್ ಸೀಟಿನ ಮೇಲಿನ ಬಿಸಿಲುಮರೆಗೆ ಸಿಕ್ಕಿಸಿಟ್ಟಳು. ಅಲ್ಲೇ ಉಳಿಯಿತು.

"ಕಾಗ್ದ ಕಳ್ಸದ್ಯಾ ಹೆಣೆ?" ಎಂದು ಮೂಕಾಂಬಕ್ಕ ವಾರಕ್ಕೊಮ್ಮೆ ಕೇಳುತ್ತಿದ್ದರು.

"ನಾಳೆ ಕಳ್ಸ್ತೆ ಅಕ್ಕಾ."

ಒಂದು ಸಂಜೆ ಮಾತ್ರ ನಿಜ ಹೇಳಿದಳು. ಚಪ್ಪರದಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. "ತಪ್ಪದೆ ಬತ್ತೆ ಅಂತ ಬರ್ದಿದೆ ಅಕ್ಕಾ. ಘಟ್ಟ ಹತ್ತುದ್ ಯಾರಿಗೂ ಆತ್ತ್. ಆ ತಿರುವಿನಂಗೆ ನಿಮ್ಮನ್ ಕೂರ್ಸ್ಕಂಡ್ ಇಳೂಕ್ ನನ್ ಕೈಲಿ ಆತ್ತಾ ಇಲ್ಯಾ ಗೊತ್ತಿಲ್ಲೆ. ಗೊತ್ತಿಲ್ದೆ ಮಾತ್ ಕೊಡೂದ್ ಹ್ಯಾಂಗೆ?"

ಆಗುತ್ತದೆ ಎಂದು ಕೂಗಿ ಹೇಳಬೇಕು ಎನಿಸಿತು ನನಗೆ. ಕಬ್ಬಿಣಕ್ಕೆ ಬಾಯಿಲ್ಲ.

ಎರಡು ತಿಂಗಳಲ್ಲಿ ತುಕ್ಕು ಸ್ವಲ್ಪ ದಪ್ಪಗೆ ಕೂತಿತು. ನಾನೇನೂ ತಲೆಕೆಡಿಸಿಕೊಳ್ಳಲಿಲ್ಲ, ಮೂರರ ಬದಲು ಹತ್ತು ಬ್ರೇಕಿಗೆ ಹೋಗುತ್ತದೆ, ಅಷ್ಟೆ. ತಲೆಕೆಡಿಸಿಕೊಂಡವನು ಶೀನ. ಕೆಲಸವಿಲ್ಲದೆ ಮನೆಯಲ್ಲಿದ್ದ. ಹೆಂಡತಿ ಗಾಡಿ ಕಲಿಯುತ್ತೇನೆಂದಾಗ ನಾಲ್ಕು ಜನರ ಎದುರು ನಕ್ಕಿದ್ದ. ಆ ನಗು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತೋ ಏನೋ, ಈಗ ಅವಳ ಗಾಡಿಗೆ ಏನಾದರೂ ಉಪಕಾರ ಮಾಡಬೇಕು ಎಂದು ಸುತ್ತ ಸುತ್ತುತ್ತಿದ್ದ. ಚಕ್ರದ ಸಂದಿಯಿಂದ ಇಣುಕಿ ನನ್ನನ್ನು ನೋಡಿದ. ಕೆಂಪು ಕಂಡ. "ಅಯ್ಯೋ, ಇದ್ ಕರ್ಗಿ ಹೋತ್ತಲೆ!" ಎಂದ.

ಕಡಲಿನವರಿಗೆ ಉಪ್ಪಿನಿಂದ ಯಾವುದನ್ನಾದರೂ ಉಳಿಸಬೇಕಾದರೆ ಒಂದೇ ದಾರಿ ಗೊತ್ತು. ಮರದ ದೋಣಿಗೆ ಅವರು ಮೀನೆಣ್ಣೆ ಹಚ್ಚುತ್ತಾರೆ. ಬೈಗೆ ಮೀನಿನ ಎಣ್ಣೆ, ಬೂತಾಯಿ ಎಂದರೆ ಹೆಚ್ಚಿನವರಿಗೆ ಗೊತ್ತು. ಅಪ್ಪ ಹಚ್ಚುತ್ತಿದ್ದ, ಅಜ್ಜ ಹಚ್ಚುತ್ತಿದ್ದ, ದೋಣಿ ಉಳಿಯುತ್ತಿತ್ತು. ಗಾಡಿ ಹೊರಡುವ ಹಿಂದಿನ ಸಂಜೆ ಶೀನ ತೆಂಗಿನ ನಾರಿನ ಕುಂಚ ತಂದ, ಎಣ್ಣೆಯ ಡಬ್ಬಿ ತಂದ. ಚಕ್ರದ ಸಂದಿಯಿಂದ ಕುಂಚ ತೂರಿಸಿ, ನನಗೂ ಬಲಗಡೆಯ ನನ್ನ ಜೊತೆಗಾರನಿಗೂ ಎರಡು ಕೈ ಹಚ್ಚಿದ. ದೋಣಿಗೆ ಹಚ್ಚುವಷ್ಟೇ ಪ್ರೀತಿಯಿಂದ ಹಚ್ಚಿದ. ಯಾರಿಗೂ ಹೇಳಲಿಲ್ಲ.

ಬೆಳಗಾವಿಯ ಮುದುಕನ ಮಾತು ಆಗ ನೆನಪಾಯಿತು. ಕುಂತಾವ್ರಿಗೆ ಎಣ್ಣಿ, ಓಡಾವ್ರಿಗಲ್ಲ.

ಬೆಳಿಗ್ಗೆ ಕೇರಿಯ ಬೆಕ್ಕೊಂದು ಬಂದು ಚಕ್ರದೊಳಗೆ ಮೂತಿ ಹಾಕಿ ನನ್ನನ್ನು ನೆಕ್ಕಿತು. ನೆಕ್ಕು ತಾಯಿ, ಎಷ್ಟಾಗುತ್ತದೋ ಅಷ್ಟು ನೆಕ್ಕು ಎಂದು ಬೇಡಿಕೊಂಡೆ. ಅಷ್ಟರಲ್ಲಿ ಗುಲಾಬಿ ಮೂಕಾಂಬಕ್ಕನ ಜೊತೆ ಬಂದಳು. ಬೆಕ್ಕು ಓಡಿತು.

ಮನೆಯಿಂದ ಬಂದರಿಗೆ ದೂರವಿಲ್ಲ. ದಾರಿಯಲ್ಲಿ ಬ್ರೇಕಿನ ಅಗತ್ಯ ಬೀಳಲಿಲ್ಲ. ಬಂದರಿನ ಇಳಿಜಾರು ಬಂತು. ಕೆಳಗೆ ಬೋಟುಗಳು ನಿಲ್ಲುವ ಧಕ್ಕೆ, ಧಕ್ಕೆಯಾಚೆ ನೀರು. ಹೊಸ ಹಂಗಾಮಿನ ಮೊದಲ ಮೀನು ಇಳಿಯುವ ದಿನ, ಧಕ್ಕೆಯ ತುಂಬ ಜನ. ಶೀನನ ಬೋಟು ಇನ್ನೂ ಹೊರಟಿರಲಿಲ್ಲ, ಅವನೂ ಅಲ್ಲೇ ಇದ್ದ. ಗುಲಾಬಿಯ ಪಾದ ಎಂದಿನ ಹದದಲ್ಲಿ ಒತ್ತಿತು. ಪ್ಯಾಡುಗಳು ನನ್ನನ್ನು ಹಿಡಿದವು. ನಾನು ಜಾರಿದೆ. ನನ್ನ ಬಾಳಿನಲ್ಲಿ ಮೊದಲ ಬಾರಿಗೆ, ಹಿಡಿದ ಕೈಯಿಂದ ಜಾರಿದೆ. ಅವಳು ಇನ್ನೂ ಒತ್ತಿದಳು. ಎಣ್ಣೆ ಕಾಯಿತು, ಹೊಗೆ ಬಂತು, ಗಾಡಿ ನಿಲ್ಲಲಿಲ್ಲ. ಹಿಂದಿನ ಚಕ್ರಗಳು ತಮ್ಮಿಂದಾದಷ್ಟು ಹಿಡಿದವು. ಜನ ಚೆಲ್ಲಾಪಿಲ್ಲಿಯಾದರು. ಗುಲಾಬಿ ಹ್ಯಾಂಡ್ ಬ್ರೇಕ್ ಎಳೆದು ಸ್ಟೇರಿಂಗ್ ತಿರುಗಿಸಿ, ಬದಿಯಲ್ಲಿ ಗುಡ್ಡೆ ಹಾಕಿದ್ದ ಬಲೆಯ ರಾಶಿಗೆ ಗಾಡಿ ನುಗ್ಗಿಸಿದಳು. ಬಲೆ ನಮ್ಮನ್ನು ಮೀನಿನ ಹಾಗೆ ಹಿಡಿಯಿತು.

ಯಾರಿಗೂ ಪೆಟ್ಟಾಗಲಿಲ್ಲ. ಮಾತಿನ ಪೆಟ್ಟು ಮಾತ್ರ ಬಿತ್ತು.

"ಹೆಂಗ್ಸ್ರ್ ಕೈಗೆ ಗಾಡಿ ಕೊಟ್ರೆ ಹೀಂಗೇ ಆಪುದ್!"

"ಬ್ರೇಕ್ ಅಂದೇಳಿ ಎಂತ ಒತ್ತದ್ಳೋ ಏನೋ!"

"ಶೀನಾ, ನಿನ್ ಹೆಂಡ್ತಿಗ್ ಬೋಟ್ ಕೊಡ್ಬೇಡ ಮಾರಾಯ, ಅರಬ್ ದೇಶಕ್ಕೇ ಹೋತ್ಳ್!"

ಗುಲಾಬಿ ಕೆಳಗಿಳಿದಳು. ಅವಳ ಪಾದ ನೋಡಿದೆ. ನಡುಗುತ್ತಿತ್ತು. ನಲವತ್ತು ವರ್ಷ ಮೆಟ್ಟುಗತ್ತಿಯ ಮೇಲೆ ನಡುಗದ ಪಾದ. ಅವಳಿಗೆ ತನ್ನ ಪಾದದ ಮೇಲೇ ಅನುಮಾನ ಬಂದಿತ್ತು. ತಪ್ಪು ನಿನ್ನದಲ್ಲ, ಎಣ್ಣೆಯದು ಎಂದು ಹೇಳಲು ನನಗೆ ಬಾಯಿರಲಿಲ್ಲ. ಅವಳು ಬೀಗದ ಕೈಯನ್ನು ಗಂಡನ ಕೈಗೆ ಹಾಕಿದಳು.

"ತಕಣಿ. ಮಾರಿ ಬಿಡಿ. ನಂಗೆ ಬ್ಯಾಡ. ಮ್ಯಾಲೆ ಒಂದ್ ಕಾಗ್ದ ಇತ್ತ್, ಅದನ್ನೂ ಹರ್ದ್ ಹಾಕಿ."

ಮೂಕಾಂಬಕ್ಕ ಇನ್ನೊಂದು ಬಾಗಿಲಿನಿಂದ ಮೆಲ್ಲನೆ ಇಳಿದು ಬಂದರು. ಬಂದವರು ಗುಲಾಬಿಯ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರ ನಿಂತು ಮೂಗು ಅರಳಿಸಿದರು.

"ಇಲ್ಲ್ ಯಾರ್ ಬೈಗೆ ಹುರುದ್?"

ಸುತ್ತ ನಿಂತವರು ನಕ್ಕರು. "ಅಕ್ಕಾ, ಗಾಡಿ ಕಡಲಿಗ್ ಬೀಳ್ತಿತ್ತ್, ನಿಮ್ಗೆ ಊಟದ್ ಚಿಂತೆಯಾ?"

"ನೀ ಬಾಯಿ ಮುಚ್ಚ್. ಐವತ್ ವರ್ಷ ಮೀನ್ ಮಾರಿದ ಮೂಗ್ ಇದ್" ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಚಕ್ರದೊಳಗೆ ಮೂಸಿದರು. ಸಂದಿಯಲ್ಲಿ ಬೆರಳು ತೂರಿಸಿ ಚಕ್ರದ ಒಳಮೈ ಸವರಿ, ಬೆರಳನ್ನು ಎಲ್ಲರಿಗೂ ತೋರಿಸಿದರು. ಬೆರಳು ಹೊಳೆಯುತ್ತಿತ್ತು. "ಬೈಗೆ ಎಣ್ಣೆ! ಗಾಡಿ ಚಕ್ರಕ್ಕೆ ಬೈಗೆ ಎಣ್ಣೆ ಹಚ್ಚದ್ದ್ ಯಾರ್?"

ಕೇರಿಯ ಬೆಕ್ಕು ವಾಸನೆ ಹಿಡಿದು ಬಂದರಿನ ತನಕ ಬಂದಿತ್ತು. ಜನರ ಕಾಲ ಸಂದಿಯಿಂದ ನುಗ್ಗಿ ಚಕ್ರದ ಎದುರು ಕೂತು ಮಿಯಾಂವ್ ಎಂದಿತು.

"ನಾನೇ ಹಚ್ಚದ್ದ್" ಎಂದ ಶೀನ. ಅವನ ಸ್ವರ ಬಾವಿಯೊಳಗಿಂದ ಬಂದಂತಿತ್ತು. "ತುಕ್ಕ್ ಹಿಡ್ದಿತ್ತ್. ದೋಣಿಗ್ ಹಚ್ಚುದಿಲ್ಯಾ, ಹಾಂಗೇ... ಅವ್ಳ್ ಗಾಡಿ ಹಾಳಾಪುದ್ ಬ್ಯಾಡ ಅಂದೇಳಿ."

"ನಿನ್ ಮಂಡೆ ಸಮ ಇತ್ತಾ? ದೋಣಿಗ್ ಬ್ರೇಕ್ ಇತ್ತಾ ಶೀನಾ?" ಎಂದು ಮೂಕಾಂಬಕ್ಕ ಗದರಿದರು.

ಗುಲಾಬಿ ಗಂಡನನ್ನು ನೋಡಿದಳು. ಸಿಟ್ಟಿನಿಂದ ಅವಳ ಮುಖ ಕೆಂಪಾಯಿತು. ಆಮೇಲೆ ಬೆಕ್ಕನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಭುಜ ಕುಲುಕಿಸಿ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ಹಾಂಗಾರೆ ನನ್ ಕಾಲ್ ಸಮಾ ಇತ್ತ್" ಎಂದಳು. ಯಾರಿಗೆ ಹೇಳಿದಳೋ ತಿಳಿಯದು. ನನಗೇ ಹೇಳಿದಳು ಎಂದು ನಾನು ನಂಬಿದ್ದೇನೆ. ಗಂಡನ ಕೈಯಿಂದ ಬೀಗದ ಕೈ ಕಿತ್ತುಕೊಂಡಳು.

ಮೆಕ್ಯಾನಿಕ್ ಹಸನಬ್ಬ ಬಂದು ಚಕ್ರ ಬಿಚ್ಚಿದರು. ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು ಹೊಸದು ಹಾಕಿದರು. ನನ್ನನ್ನು ಪೆಟ್ರೋಲಿನಲ್ಲಿ ತೊಳೆದು, ಮರಳು ಕಾಗದದಿಂದ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದರು. "ಒಳ್ಳೆ ಮಾಲು. ಮೇಲಿನ ತುಕ್ಕಿಗೆಲ್ಲ ಹೆದರ್ಬೇಡಿ ಗುಲಾಬಕ್ಕ, ಅದು ಬ್ರೇಕ್ ಬಿದ್ದ ಹಾಗೆ ಹೋಗ್ತದೆ. ಎಣ್ಣೆ ಮಾತ್ರ ಯಾರೂ ಹಚ್ಚದ ಹಾಗೆ ನೋಡ್ಕೊಳ್ಳಿ" ಎಂದು ಶೀನನ ಕಡೆ ಕಣ್ಣು ಹೊರಳಿಸಿದರು. ಘಟ್ಟ ಇಳಿಯುವುದು ಹೇಗೆ ಎಂದು ಗುಲಾಬಿ ಕೇಳಿದಳು. "ಗೇರು ಇಳಿಸಿ, ಗಾಡಿಯನ್ನು ಗೇರಿಗೇ ಬಿಡಿ. ಬ್ರೇಕ್ ಒತ್ತಿಯೇ ಇರ್ಬೇಡಿ. ಒತ್ತುದು, ಬಿಡುದು. ಅದಕ್ಕೂ ಉಸಿರಾಡ್ಲಿಕ್ಕೆ ಬೇಕಲ್ಲ" ಎಂದರು. ನನ್ನ ಉಸಿರಿನ ಬಗ್ಗೆ ಮಾತಾಡಿದ ಮೊದಲ ಮನುಷ್ಯ ಅವರು.

ಅದರ ಮುಂದಿನ ಸಂತೆಗೆ ಬಿಳಿಗಲ್ಲೂರಿಗೆ ಹೊರಟೆವು. ಮುಂದೆ ಗುಲಾಬಿ ಮತ್ತು ಮೂಕಾಂಬಕ್ಕ. ಹಿಂದೆ ಐಸ್ ಪೆಟ್ಟಿಗೆಗಳ ನಡುವೆ, ಟಾರ್ಪಾಲು ಹೊದ್ದು, ಒಂದು ಕೆಂಪುಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಶೀನ. ಬೋಟಿಗೆ ಆ ದಿನ ರಜೆ ಹೇಳಿದ್ದ. ಗಾಡಿ ಎಲ್ಲಿ ನಿಂತರೂ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಚಹಾದಂಗಡಿಯ ಎದುರು, ಸಮತಟ್ಟು ರಸ್ತೆಯಲ್ಲಿ ಕೂಡ ಕೊಟ್ಟ. ನನ್ನ ಎದುರಿಗೆ ಆ ಕಲ್ಲು ಬಂದು ಕೂತಾಗಲೆಲ್ಲ ನನಗೆ ಅವಮಾನ. ಬಾಬು ಶೆಟ್ಟಿಯ ಕಾಲದಲ್ಲಿ ಅಂಥ ಕಲ್ಲುಗಳನ್ನು ರಾಶಿ ರಾಶಿಯಾಗಿ ಹೊತ್ತು ನಿಲ್ಲಿಸಿದವನು ನಾನು.

ಸಂತೆಯಲ್ಲಿ ಮಧ್ಯಾಹ್ನದೊಳಗೆ ಮೀನು ಖಾಲಿ. ಪಂಚಾಯತಿಯ ಕಾರ್ಯದರ್ಶಿ ಬಂದು, "ನಿಮ್ಮ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲಲ್ಲ ಅಮ್ಮ. ಈ ವಾರ ದಾಟಿದರೆ ಕಟ್ಟೆ ಬೇರೆಯವರಿಗೆ ಹೋಗುತ್ತೆ" ಎಂದರು.

ಮೂಕಾಂಬಕ್ಕ ಗುಲಾಬಿಯ ಪಕ್ಕೆ ತಿವಿದರು. "ಮ್ಯಾಲೆ ಸಿಕ್ಸಿದ್ದ್ ತೆಗ್ದ್ ಕೊಡ್ ಹೆಣೆ!"

"ಇಲ್ಲೆ ಅಕ್ಕಾ. ಇಳದ್ ಮೇಲೆ ಕೊಡ್ತೆ" ಎಂದಳು ಗುಲಾಬಿ. ಕಾರ್ಯದರ್ಶಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು. ಇನ್ನು ಎಲ್ಲ ನನ್ನ ಮೇಲೆ.

ಇಳಿಯತೊಡಗಿದೆವು. ಸಣ್ಣ ಮಳೆ, ರಸ್ತೆ ಒದ್ದೆ. ಎಡಗಡೆ ಗುಡ್ಡ, ಬಲಗಡೆ ಮಂಜು ತುಂಬಿದ ಆಳ. ಗೇರು ಗುರುಗುಟ್ಟುತ್ತ ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ತಿರುವು ಬಂದಾಗ ಮೆಟ್ಟುಗತ್ತಿಯ ಪಾದ ಒತ್ತುತ್ತಿತ್ತು, ನಾನು ಹಿಡಿಯುತ್ತಿದ್ದೆ. ಬಿಡುತ್ತಿತ್ತು, ನಾನು ಉಸಿರಾಡುತ್ತಿದ್ದೆ. ಮೈ ಕಾಯಿತು. ಮಳೆ ಹನಿ ಬಿದ್ದರೆ ಚುಂಯ್ ಎನ್ನುತ್ತಿತ್ತು. ಅಚ್ಚಿನೊಳಗೆ ಹುಟ್ಟಿದಾಗಿನ ಬಿಸಿ ನೆನಪಾಯಿತು. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು, ರಸ್ತೆಯನ್ನೆಲ್ಲ ತುಂಬಿಕೊಂಡು ಬಂತು. ಗುಲಾಬಿ ಒತ್ತಿದಳು. ಹಿಂದಿನಿಂದ ಶೀನ "ಅಮ್ಮಾ!" ಎಂದು ಕೂಗಿದ. ನಾನು ಹಿಡಿದೆ. ಇಡೀ ಗಾಡಿ, ಮೂವರು ಜನ, ಖಾಲಿ ಪೆಟ್ಟಿಗೆಗಳು, ಆ ಕಲ್ಲು, ಎಲ್ಲವನ್ನೂ ಹಿಡಿದೆ. ಬಸ್ಸು ನಮ್ಮ ಕನ್ನಡಿಯ ಪಕ್ಕದಲ್ಲೇ ಹಾದು ಹೋಯಿತು. ಅದರ ಡ್ರೈವರು ಗುಲಾಬಿಗೆ ಕೈ ಎತ್ತಿ ಹೋದ. ಒಬ್ಬ ಡ್ರೈವರು ಇನ್ನೊಬ್ಬ ಡ್ರೈವರಿಗೆ ಎತ್ತುವ ಹಾಗೆ.

ಆಮೇಲೂ ನಾನು ಬಹಳ ಕಾಲ ದುಡಿದೆ. ವಾರ ವಾರ ಆ ಘಟ್ಟ ಹತ್ತಿ ಇಳಿದು ಸವೆದೆ. ಕೊನೆಗೆ ಹಸನಬ್ಬರು ನನ್ನ ಅಂಚನ್ನು ಉಗುರಿನಿಂದ ಮುಟ್ಟಿ "ಇದರ ಕೆಲಸ ಮುಗೀತು" ಎಂದಾಗ, ಗುಲಾಬಿ ನನ್ನನ್ನು ಸೀರೆಯ ತುಂಡಿನಲ್ಲಿ ಸುತ್ತಿ ಈ ಕಟ್ಟೆಗೆ ತಂದಳು. ಈಗ ನನ್ನ ಮೈಮೇಲಿನ ತುಕ್ಕನ್ನು ತೆಗೆಯಲು ಯಾವ ಬ್ರೇಕೂ ಬೀಳುವುದಿಲ್ಲ. ಕೂತವನಾದೆ. ಆದರೂ ಯಾರೂ ನನಗೆ ಎಣ್ಣೆ ಹಚ್ಚುವುದಿಲ್ಲ. ಶೀನನಂತೂ ನನ್ನ ಹತ್ತಿರ ಬರುವ ಮೊದಲು ಕೈ ತೊಳೆದುಕೊಳ್ಳುತ್ತಾನೆ. ಕೆಂಪಾಗಿಯೇ ಇದ್ದೇನೆ. ದುಡಿದವರ ಮೈಗೆ ಈ ಬಣ್ಣ ಒಪ್ಪುತ್ತದೆ.

ಆದರೆ ನನ್ನ ಬಾಳು ಎಂದರೆ ನನಗೆ ನೆನಪಾಗುವುದು ಆ ದಿನದ ಕೊನೆ. ಘಟ್ಟದ ಬುಡದ ಊರಿನ ಅಂಚೆ ಕಚೇರಿ ಇಳಿಜಾರಿನ ಬದಿಯಲ್ಲಿದೆ. ಬಾಗಿಲಲ್ಲಿ ಕೆಂಪು ಪೆಟ್ಟಿಗೆ. ಗುಲಾಬಿ ಆ ಇಳಿಜಾರಿನಲ್ಲೇ ಗಾಡಿ ನಿಲ್ಲಿಸಿ ಪಾದವನ್ನು ಬ್ರೇಕಿನ ಮೇಲೇ ಇಟ್ಟಳು. ಶೀನ ಎಂದಿನಂತೆ ಕಲ್ಲು ಹಿಡಿದು ಹಾರಿದ, ನನ್ನ ಎದುರು ಬಗ್ಗಿದ.

"ಕಲ್ ಬ್ಯಾಡ" ಎಂದಳು ಗುಲಾಬಿ ಕಿಟಕಿಯಿಂದ. "ನಿಲ್ತ್."

ಅವನು ಬಗ್ಗಿದಲ್ಲೇ ಮೇಲೆ ನೋಡಿದ. ಅವಳು ಬಿಸಿಲು, ಮಳೆ, ಉಪ್ಪು ಎಲ್ಲ ಕುಡಿದು ಹಳದಿಯಾದ ಲಕೋಟೆಯನ್ನು ಕೆಳಗೆ ಚಾಚಿದಳು.

"ಕಲ್ ಅತ್ಲಾಗ್ ಇಟ್ಟ್ ಇದನ್ ಹಾಕಿ ಬನ್ನಿ. ಕೈ ಒರ್ಸ್ಕಣಿ ಮೊದ್ಲ್. ಎಣ್ಣೆ ಹಚ್ಚಿ ಕಳ್ಸ್ಬೇಡಿ!"

ಮೂಕಾಂಬಕ್ಕ ಒಳಗೆ ಬಿದ್ದು ಬಿದ್ದು ನಗುತ್ತಿದ್ದರು. ಶೀನ ಕಲ್ಲನ್ನು ಚರಂಡಿಯಾಚೆ ಎಸೆದ. ಎರಡೂ ಕೈಗಳನ್ನು ಅಂಗಿಗೆ ಒರೆಸಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದ. ಬೆಳಗಿನ ನನ್ನ ಬಣ್ಣದ್ದೇ ಆ ಪೆಟ್ಟಿಗೆ. ಅದರ ಬಾಯಿಗೆ ಲಕೋಟೆ ತೂರಿಸಿ ಬಗ್ಗಿ ಕಿವಿಕೊಟ್ಟ.

ಗಾಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಕಾಗದ ತಳಕ್ಕೆ ಬಿದ್ದ ಸದ್ದು ನನ್ನ ತನಕ ಕೇಳಿಸಿತು. ಅಲ್ಲಿಯವರೆಗೂ ನಾನು ಹಿಡಿದೇ ಇದ್ದೆ.